ವೆಬ್‌ಮೇಲ್‌ನಲ್ಲಿ ಫೋಲ್ಡರ್ ಕಾಣೆಯಾದರೆ, ಜಾಗ ತುಂಬಿದರೆ: ರೌಂಡ್‌ಕ್ಯೂಬ್ ದೋಷ ನಿವಾರಣೆ ಕೈಪಿಡಿ

“ಸರ್, ಸೆಂಟ್ ಫೋಲ್ಡರ್ ಖಾಲಿ ಇದೆ. ನಾಲ್ಕು ವರ್ಷದ ಮೇಲ್ ಎಲ್ಲ ಹೋಯ್ತು.”

ನಾನು ಮೇಲ್ ಸರ್ವರ್ ನೋಡಿಕೊಳ್ಳುವ ಒಂದು ಸಣ್ಣ ಕಚೇರಿಯ ಲೆಕ್ಕದ ವಿಭಾಗದಿಂದ ಬೆಳಗ್ಗೆ ಬಂದ ಫೋನ್ ಇದು. ಹಿಂದಿನ ರಾತ್ರಿಯಷ್ಟೇ ಹಳೇ ಸರ್ವರ್‌ನಿಂದ ಹೊಸದಕ್ಕೆ ಮೇಲ್‌ಗಳನ್ನೆಲ್ಲ ಸಾಗಿಸಿದ್ದೆ. ನೋಡಿದರೆ ಒಂದು ಮೇಲ್ ಕೂಡ ಹೋಗಿರಲಿಲ್ಲ. ಎಲ್ಲವೂ ಡಿಸ್ಕ್‌ನಲ್ಲಿ ಭದ್ರವಾಗಿತ್ತು. ವೆಬ್‌ಮೇಲ್ ಮಾತ್ರ ಬೇರೆ ಹೆಸರಿನ ಫೋಲ್ಡರ್ ತೆರೆದು ತೋರಿಸುತ್ತಿತ್ತು. ಆದರೆ ನನಗೆ ಫೋನ್ ಮಾಡುವ ಮೊದಲು ಅವರು “ಹೇಗೂ ಖಾಲಿ ಇದೆ, ಅಳಿಸಿ ಹೊಸದಾಗಿ ಮಾಡೋಣ” ಎಂದುಕೊಂಡಿದ್ದರು. ಇದನ್ನೆಲ್ಲ ಬರೆದಿಡಬೇಕು ಅನ್ನಿಸಿದ್ದು ಆ ಮಾತು ಕೇಳಿದ ಮೇಲೆ.

ಹಾಗಾಗಿ ಮೊದಲ ಕೆಲಸ ಇದು: ಫೋಲ್ಡರ್ ಕಾಣದಿದ್ದರೆ, ಖಾಲಿ ಕಂಡರೆ, ಏನನ್ನೂ ಅಳಿಸಬೇಡಿ, ಹೆಸರು ಬದಲಿಸಬೇಡಿ. ಮೇಲ್ ಎಲ್ಲಿ ಕೂತಿದೆ ಅಂತ ಮೊದಲು ಪತ್ತೆ ಮಾಡಿ.

ಇಲ್ಲಿ ಬರೆದಿರುವುದು ಬ್ರೌಸರ್‌ನಲ್ಲಿ ಮೇಲ್ ತೋರಿಸುವ ರೌಂಡ್‌ಕ್ಯೂಬ್ ವೆಬ್‌ಮೇಲ್, ಅದರ ಹಿಂದೆ ಡವ್‌ಕಾಟ್ ಸರ್ವರ್ ಇರುವ ಜೋಡಿಯ ಬಗ್ಗೆ. ಹೋಸ್ಟಿಂಗ್ ತೆಗೆದುಕೊಂಡ ಎಷ್ಟೋ ಸಣ್ಣ ಕಚೇರಿ, ಕಾಲೇಜುಗಳಲ್ಲಿ ಇರುವುದು ಇದೇ ಜೋಡಿ. ಕಮಾಂಡುಗಳ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮೇಲ್ ಇರುವುದು ಎಲ್ಲಿ?

ರೌಂಡ್‌ಕ್ಯೂಬ್ ನಿಮ್ಮ ಮೇಲ್‌ಗಳನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಅದರ ಡೇಟಾಬೇಸ್‌ನಲ್ಲಿ ಇರುವುದು ನಿಮ್ಮ ಸೆಟ್ಟಿಂಗ್ಸ್, ವಿಳಾಸ ಪುಸ್ತಕ, ಲಾಗಿನ್ ಆದ ಸೆಷನ್ ಇಂಥವು. ಮೇಲ್ ಇರುವುದು ಡವ್‌ಕಾಟ್ ನೋಡಿಕೊಳ್ಳುವ ಡಿಸ್ಕ್‌ನಲ್ಲಿ. ಇವೆರಡೂ ಮಾತಾಡುವುದು ಐಮ್ಯಾಪ್ ಭಾಷೆಯಲ್ಲಿ. “ಯಾವ ಯಾವ ಫೋಲ್ಡರ್ ಇದೆ?” ಎಂದು ರೌಂಡ್‌ಕ್ಯೂಬ್ ಕೇಳುತ್ತದೆ, ಸರ್ವರ್ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಯಾವುದು ಸೆಂಟ್, ಯಾವುದು ಟ್ರ್ಯಾಶ್ ಎಂದು ಇಬ್ಬರೂ ಒಂದೇ ರೀತಿ ತಿಳಿದುಕೊಂಡಿರಬೇಕು. ನಾನು ನೋಡಿದ ಫೋಲ್ಡರ್ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ತಿಳಿವಳಿಕೆ ತಪ್ಪಿದ್ದರಿಂದಲೇ ಆದವು.

ಅದಕ್ಕೇ ಪರೀಕ್ಷೆ ಸರ್ವರ್ ಕಡೆಯಿಂದ ಶುರುವಾಗಬೇಕು. ಸರ್ವರ್‌ಗೆ ಪ್ರವೇಶ ಇದ್ದರೆ “ಡವ್‌ಆಡ್ಮ್ ಮೇಲ್‌ಬಾಕ್ಸ್ ಲಿಸ್ಟ್” ಕಮಾಂಡನ್ನು ಆ ಬಳಕೆದಾರರ ಹೆಸರು ಕೊಟ್ಟು ಓಡಿಸಿ. ಇರುವ ಫೋಲ್ಡರ್‌ಗಳೆಲ್ಲ ಬರುತ್ತವೆ. ಅದಕ್ಕೇ ಹೈಫನ್ ಎಸ್ ಸೇರಿಸಿ ಇನ್ನೊಮ್ಮೆ ಓಡಿಸಿದರೆ ಸಬ್‌ಸ್ಕ್ರೈಬ್ ಆದವು, ಅಂದರೆ ಪಟ್ಟಿಯಲ್ಲಿ ತೋರಿಸು ಎಂದು ಗುರುತು ಹಾಕಿದವು, ಮಾತ್ರ ಬರುತ್ತವೆ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದ್ದು ಯಾವುದೋ, ಕಾಣೆಯಾದ ಫೋಲ್ಡರ್ ಬಹುಪಾಲು ಅದೇ.

ಸರ್ವರ್‌ಗೆ ಪ್ರವೇಶ ಇಲ್ಲದವರಿಗೂ ದಾರಿ ಇದೆ. ರೌಂಡ್‌ಕ್ಯೂಬ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಫೋಲ್ಡರ್ಸ್ ಒತ್ತಿ. ಸಬ್‌ಸ್ಕ್ರೈಬ್ ಆಗದ ಫೋಲ್ಡರ್‌ಗಳೂ ಅಲ್ಲಿ ಇರುತ್ತವೆ, ಮುಂದಿನ ಗುರುತು ಮಾತ್ರ ಆಫ್ ಆಗಿರುತ್ತದೆ. ಆನ್ ಮಾಡಿದರೆ ಎಡಗಡೆಯ ಪಟ್ಟಿಗೆ ವಾಪಸ್ ಬರುತ್ತದೆ.

ಸಬ್‌ಸ್ಕ್ರಿಪ್ಶನ್ ಪಟ್ಟಿ ಇರುವುದು ಸರ್ವರ್‌ನಲ್ಲಿ ಎನ್ನುವುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಮನೆಯ ಕಂಪ್ಯೂಟರ್‌ನ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂನಲ್ಲಿ “ಈ ಹಳೇ ಫೋಲ್ಡರ್ ಸುಮ್ನೆ ಯಾಕೆ” ಅಂತ ಒಂದನ್ನು ಅನ್‌ಸಬ್‌ಸ್ಕ್ರೈಬ್ ಮಾಡಿದರೆ, ಕಚೇರಿಯ ವೆಬ್‌ಮೇಲ್‌ನಿಂದಲೂ ಅದು ಮರೆಯಾಗುತ್ತದೆ. ವೆಬ್‌ಮೇಲ್ ಸೆಟ್ಟಿಂಗ್ಸ್ ಯಾರೂ ಮುಟ್ಟಿಲ್ಲ ಎನ್ನುವುದು ನಿಜವೇ ಇರಬಹುದು.

ಎರಡು ಸೆಂಟ್, ಎರಡು ಟ್ರ್ಯಾಶ್

ಪ್ರತಿ ಮೇಲ್ ಪ್ರೋಗ್ರಾಂಗೂ ತನ್ನದೇ ರೂಢಿ. ರೌಂಡ್‌ಕ್ಯೂಬ್ ಕಳಿಸಿದ ಮೇಲ್‌ಗಳನ್ನು “ಸೆಂಟ್” ಎಂಬ ಫೋಲ್ಡರ್‌ಗೆ ಹಾಕುತ್ತದೆ. ಔಟ್‌ಲುಕ್ “ಸೆಂಟ್ ಐಟಮ್ಸ್” ಅನ್ನುತ್ತದೆ. ಆ್ಯಪಲ್ ಮೇಲ್ “ಸೆಂಟ್ ಮೆಸೇಜಸ್” ಅನ್ನುತ್ತದೆ. ಕಸದ ಫೋಲ್ಡರ್‌ದೂ ಇದೇ ಕಥೆ: ಟ್ರ್ಯಾಶ್, ಡಿಲೀಟೆಡ್ ಐಟಮ್ಸ್, ಡಿಲೀಟೆಡ್ ಮೆಸೇಜಸ್. ಇನ್‌ಬಾಕ್ಸ್ ಎಂಬ ಒಂದು ಹೆಸರಿಗೆ ಮಾತ್ರ ಐಮ್ಯಾಪ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಇಲ್ಲ. ಉಳಿದ ಹೆಸರುಗಳಲ್ಲಿ ಮೊದಲ ಅಕ್ಷರ ದೊಡ್ಡದಿರುವ ಸೆಂಟ್ ಬೇರೆ, ಚಿಕ್ಕದಿರುವ ಸೆಂಟ್ ಬೇರೆ. ಹೀಗೆ ಒಬ್ಬರ ಖಾತೆಯಲ್ಲಿ ಮೂರು ಕಡೆ ಕಳಿಸಿದ ಮೇಲ್ ಹಂಚಿಹೋಗಿರುತ್ತದೆ.

ಇದಕ್ಕೆ ಪರಿಹಾರವಾಗಿ 2011ರಲ್ಲಿ ಐಮ್ಯಾಪ್‌ಗೆ “ಸ್ಪೆಷಲ್ ಯೂಸ್” ಎಂಬ ಗುರುತು ಸೇರಿತು. ಫೋಲ್ಡರ್ ಹೆಸರು ಏನೇ ಇರಲಿ, ಇದು ಕಳಿಸಿದ ಮೇಲ್‌ಗಳದು, ಇದು ಕಸದ್ದು ಎಂದು ಸರ್ವರ್ರೇ ಹೇಳುತ್ತದೆ. ಡವ್‌ಕಾಟ್‌ನಲ್ಲಿ ಮೇಲ್‌ಬಾಕ್ಸ್‌ಗಳ ಸೆಟ್ಟಿಂಗ್ಸ್ ಬರೆದಿರುವ ಕಾನ್ಫಿಗ್ ಫೈಲ್ ತೆರೆದರೆ ಪ್ರತಿ ಫೋಲ್ಡರ್‌ನ ಎದುರು ಈ ಗುರುತು ಬರೆಯಬಹುದು. ಅಲ್ಲೇ “ಆಟೊ” ಎಂಬುದಕ್ಕೆ “ಸಬ್‌ಸ್ಕ್ರೈಬ್” ಎಂದು ಕೊಟ್ಟರೆ ಹೊಸ ಖಾತೆಗೂ ಫೋಲ್ಡರ್ ತಾನೇ ಹುಟ್ಟುತ್ತದೆ, ಪಟ್ಟಿಯಲ್ಲೂ ಕಾಣುತ್ತದೆ. ಸರ್ವರ್ ನಿಮ್ಮ ಕೈಯಲ್ಲಿದ್ದರೆ ಮೊದಲು ಮಾಡಬೇಕಾದ್ದು ಇದನ್ನೇ. ಒಬ್ಬೊಬ್ಬರ ವೆಬ್‌ಮೇಲ್ ತಿದ್ದುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಬಳಕೆದಾರರ ಕಡೆ ಸೆಟ್ಟಿಂಗ್ ಇರುವುದು ಪ್ರಿಫರೆನ್ಸಸ್ ಒಳಗಿನ ಸ್ಪೆಷಲ್ ಫೋಲ್ಡರ್ಸ್‌ನಲ್ಲಿ. ಡ್ರಾಫ್ಟ್ಸ್, ಸೆಂಟ್, ಜಂಕ್, ಟ್ರ್ಯಾಶ್ ಒಂದೊಂದಕ್ಕೂ ಯಾವ ಫೋಲ್ಡರ್ ಅಂತ ಆರಿಸಬಹುದು. ಅಲ್ಲೇ ವಿಶೇಷ ಫೋಲ್ಡರ್‌ಗಳ ನಿಜ ಹೆಸರು ತೋರಿಸುವ ಒಂದು ಆಯ್ಕೆ ಇದೆ. ಪತ್ತೆ ಕೆಲಸ ಮಾಡುವಾಗ ಅದನ್ನು ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ರೌಂಡ್‌ಕ್ಯೂಬ್ ತಾನೇ ಒಂದು ಚಂದದ ಹೆಸರು ಕೊಟ್ಟು ತೋರಿಸುತ್ತದೆ, ಒಳಗಿನ ನಿಜವಾದ ಹೆಸರು ನಿಮಗೆ ಕಾಣುವುದೇ ಇಲ್ಲ.

ಇಲ್ಲೊಂದು ಕಡೆ ಅಡ್ಮಿನ್‌ಗಳು ಎಡವುತ್ತಾರೆ. ರೌಂಡ್‌ಕ್ಯೂಬ್‌ನ ಕಾನ್ಫಿಗ್ ಫೈಲ್‌ನಲ್ಲಿ ಸೆಂಟ್ ಫೋಲ್ಡರ್‌ನ ಹೆಸರು ಬದಲಿಸುತ್ತಾರೆ, ಹಳೇ ಬಳಕೆದಾರರಿಗೆ ಏನೂ ಬದಲಾಗುವುದಿಲ್ಲ. ಕಾರಣ, ಅವರು ಹಿಂದೆ ಒಮ್ಮೆ ಸ್ಪೆಷಲ್ ಫೋಲ್ಡರ್ಸ್ ಪುಟದಲ್ಲಿ ಸೇವ್ ಒತ್ತಿದ್ದರೆ ಆ ಆಯ್ಕೆ ಡೇಟಾಬೇಸ್‌ನಲ್ಲಿ ಕೂತಿರುತ್ತದೆ. ಕಾನ್ಫಿಗ್ ಫೈಲ್‌ಗಿಂತ ಅದೇ ಮುಂದು.

ಆ ಕಚೇರಿಯಲ್ಲಿ ನಿಜಕ್ಕೂ ಆಗಿದ್ದೇನು

ಹಳೇ ಸರ್ವರ್ ಡವ್‌ಕಾಟ್‌ನಂಥದೇ ಇನ್ನೊಂದು ಪ್ರೋಗ್ರಾಂ, ಕೊರಿಯರ್ ಐಮ್ಯಾಪ್. ಅದು ಎಲ್ಲ ಫೋಲ್ಡರ್‌ಗಳನ್ನೂ ಇನ್‌ಬಾಕ್ಸ್‌ನ ಮಕ್ಕಳಂತೆ ತೋರಿಸುತ್ತದೆ. ಅಂದರೆ ಸೆಂಟ್‌ನ ಪೂರ್ಣ ಹೆಸರು “ಇನ್‌ಬಾಕ್ಸ್ ಚುಕ್ಕಿ ಸೆಂಟ್”. ಹೊಸ ಡವ್‌ಕಾಟ್‌ನಲ್ಲಿ ನಾನು ಆ ಮುಂದಿನ ಪದವನ್ನು, ಅಂದರೆ ನೇಮ್‌ಸ್ಪೇಸ್ ಪ್ರಿಫಿಕ್ಸನ್ನು, ಖಾಲಿ ಬಿಟ್ಟಿದ್ದೆ. ಅಲ್ಲಿ ಅದೇ ಫೋಲ್ಡರ್ ಬರೀ “ಸೆಂಟ್” ಆಯಿತು. ಡಿಸ್ಕ್‌ನಲ್ಲಿ ಮೇಲ್ ಹಾಗೇ ಇದೆ. ಆದರೆ ಬಳಕೆದಾರರ ಪ್ರಿಫರೆನ್ಸ್‌ನಲ್ಲಿ ಹಳೇ ಹೆಸರು, ಸಬ್‌ಸ್ಕ್ರಿಪ್ಶನ್ ಪಟ್ಟಿಯಲ್ಲೂ ಹಳೇ ಹೆಸರು. ಬೇಕಾದ ಫೋಲ್ಡರ್ ಇಲ್ಲದಿದ್ದರೆ ತಾನೇ ಮಾಡಿಕೊಳ್ಳುವ ಆಯ್ಕೆಯನ್ನು ರೌಂಡ್‌ಕ್ಯೂಬ್‌ನಲ್ಲಿ ಆನ್ ಮಾಡಿಟ್ಟಿದ್ದೆ. ಹಾಗಾಗಿ ಅದು ಇನ್‌ಬಾಕ್ಸ್ ಒಳಗೆ ಹೊಸದೊಂದು ಸೆಂಟ್ ಹುಟ್ಟಿಸಿ, ಖಾಲಿಯಾಗಿ ತೋರಿಸಿತು. ನಾಲ್ಕು ವರ್ಷದ ಮೇಲ್ ಇದ್ದ ನಿಜವಾದ ಸೆಂಟ್ ಸಬ್‌ಸ್ಕ್ರೈಬ್ ಆಗಿರಲಿಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ.

ಸರಿಪಡಿಸಲು ಎರಡು ದಾರಿ. ಒಂದು, ಡವ್‌ಕಾಟ್‌ನ ನೇಮ್‌ಸ್ಪೇಸ್ ಪ್ರಿಫಿಕ್ಸನ್ನು ಹಳೇ ಸರ್ವರ್‌ನಲ್ಲಿ ಇದ್ದಂತೆಯೇ ಕೊಡುವುದು. ಇನ್ನೊಂದು, ಪ್ರತಿಯೊಬ್ಬರಿಗೂ ಹೊಸ ಹೆಸರನ್ನು ಸಬ್‌ಸ್ಕ್ರೈಬ್ ಮಾಡಿಸಿ ಸ್ಪೆಷಲ್ ಫೋಲ್ಡರ್ಸ್‌ನಲ್ಲಿ ಆರಿಸುವುದು. ನಾನು ಮೊದಲನೆಯದನ್ನೇ ಮಾಡಿದೆ. ಫೋನ್‌ಗಳಲ್ಲಿ, ಔಟ್‌ಲುಕ್‌ನಲ್ಲಿ ಇರುವ ಹಳೇ ಹೆಸರುಗಳೂ ಹಾಗೇ ಕೆಲಸ ಮಾಡುತ್ತವೆ, ಜನಕ್ಕೆ ತೊಂದರೆ ಇಲ್ಲ. ಆ ಬೆಳಗ್ಗೆ ಕಳಿಸಿದ ನಾಲ್ಕಾರು ಮೇಲ್‌ಗಳು ಮಾತ್ರ ಖಾಲಿ ಫೋಲ್ಡರ್‌ನಲ್ಲಿ ಸೇರಿಕೊಂಡಿದ್ದವು. ಅವನ್ನು ಕೈಯಾರೆ ಸರಿಸಬೇಕಾಯಿತು.

ಸರ್ವರ್ ಬದಲಿಸಿದ ಮೇಲೆ ಬಳಕೆದಾರರು ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಲೇಬೇಕು. ರೌಂಡ್‌ಕ್ಯೂಬ್ ನೇಮ್‌ಸ್ಪೇಸನ್ನೂ, ಫೋಲ್ಡರ್‌ಗಳ ನಡುವಿನ ವಿಭಜಕ ಚಿಹ್ನೆಯನ್ನೂ ಲಾಗಿನ್ ಹೊತ್ತಿಗೆ ಕೇಳಿ ಸೆಷನ್‌ನಲ್ಲಿ ಇಟ್ಟುಕೊಳ್ಳುತ್ತದೆ. ಪುಟ ರಿಫ್ರೆಶ್ ಮಾಡಿದರೆ ಸಾಲದು. ನಾನು ಇದನ್ನು ಮರೆತು ಅರ್ಧ ಗಂಟೆ ಸರಿಯಾಗಿದ್ದ ಕಾನ್ಫಿಗನ್ನೇ ತಿದ್ದುತ್ತಾ ಕೂತಿದ್ದೆ.

ಇದರ ಹತ್ತಿರದ ಇನ್ನೊಂದು ದೋಷ ಇದೆ: ಇನ್‌ಬಾಕ್ಸ್ ಸರಿ ಇದೆ, ಉಳಿದ ಫೋಲ್ಡರ್‌ಗಳು ಒಂದೂ ಇಲ್ಲ. ಆಗ ಡವ್‌ಕಾಟ್‌ನ ಮೇಲ್ ಲೊಕೇಶನ್ ಸಾಲು ನೋಡಿ. ಡಿಸ್ಕ್‌ನಲ್ಲಿ ಮೇಲ್ ಇಡುವ ಮೇಲ್‌ಡಿರ್ ಎಂಬ ಮಾದರಿಯಲ್ಲಿ ಸಾಮಾನ್ಯವಾಗಿ ಪ್ರತಿ ಫೋಲ್ಡರ್ ಚುಕ್ಕಿಯಿಂದ ಶುರುವಾಗುವ ಡೈರೆಕ್ಟರಿ ಆಗಿರುತ್ತದೆ. ಯಾರಾದರೂ ಫೋಲ್ಡರ್ ಜೋಡಣೆಯ ರೀತಿಯನ್ನು, ಅಂದರೆ ಲೇಔಟನ್ನು, “ಎಫ್‌ಎಸ್” ಅಂತ ಬದಲಿಸಿದರೆ ಡವ್‌ಕಾಟ್ ಚುಕ್ಕಿ ಇಲ್ಲದ ಡೈರೆಕ್ಟರಿ ಹುಡುಕುತ್ತದೆ, ಒಂದೂ ಸಿಗುವುದಿಲ್ಲ. ಹಳೇ ಲೇಔಟ್ ವಾಪಸ್ ಕೊಟ್ಟರೆ ಎಲ್ಲವೂ ಮರಳುತ್ತವೆ.

ಕನ್ನಡದ ಹೆಸರಿನ ಫೋಲ್ಡರ್‌ಗಳು

ಫೋಲ್ಡರ್‌ಗಳಿಗೆ ಕನ್ನಡದಲ್ಲೇ ಹೆಸರಿಡಿ, ಖಂಡಿತ ಇಡಿ. ತಾಂತ್ರಿಕವಾಗಿ ಏನೂ ಅಡ್ಡಿ ಇಲ್ಲ. ಆದರೆ ಅಡ್ಮಿನ್ ಆದವರಿಗೆ ಕೆಲವು ಸಂಗತಿ ಗೊತ್ತಿರಬೇಕು.

ಐಮ್ಯಾಪ್‌ನ ಹಳೇ ಆವೃತ್ತಿಯಲ್ಲಿ ಫೋಲ್ಡರ್ ಹೆಸರುಗಳು ಮಾರ್ಪಡಿಸಿದ ಯುಟಿಎಫ್-7 ಎಂಬ ಬರಹದಲ್ಲಿ ಓಡಾಡುತ್ತವೆ. 2021ರ ಹೊಸ ಆವೃತ್ತಿ ಯುಟಿಎಫ್-8ಕ್ಕೆ ಬಂದಿದೆ, ಆದರೆ ಹಳೆಯದರ ಬಳಕೆ ನಿಂತಿಲ್ಲ. ಆದ್ದರಿಂದ “ಬಿಲ್ಲುಗಳು” ಎಂಬ ಫೋಲ್ಡರ್ ಡಿಸ್ಕ್‌ನಲ್ಲಿ ಆಂಪರ್‌ಸಂಡ್ (&) ಚಿಹ್ನೆಯಿಂದ ಶುರುವಾಗಿ ಹೈಫನ್‌ನಲ್ಲಿ ಮುಗಿಯುವ ಇಂಗ್ಲಿಷ್ ಅಕ್ಷರಗಳ ಸಾಲಿನಂತೆ ಕಾಣಬಹುದು. ಕನ್ನಡದ ಹೆಸರಾದರೆ ಆಂಪರ್‌ಸಂಡ್ ಆದ ಮೇಲೆ ಬರುವ ಮೊದಲ ಅಕ್ಷರ ಯಾವಾಗಲೂ ದೊಡ್ಡ ಡಿ. ನೋಡಿದವರಿಗೆ ಅದು ಕೆಟ್ಟುಹೋದ ಡೈರೆಕ್ಟರಿ ಎನಿಸುತ್ತದೆ. ಕಸ ಅಂತ ತಿಳಿದು ಅಳಿಸಬೇಡಿ. ಒಳಗಿರುವುದು ಯಾರದೋ ವರ್ಷಗಳ ಮೇಲ್.

ಒಂದೇ ಹೆಸರಿನ ಎರಡು ಫೋಲ್ಡರ್ ಕಾಣುವುದು ಇನ್ನೊಂದು ಒಗಟು. “ಬ್ಯಾಂಕ್” ಅಂತ ಎರಡು ಸಲ ಇರುತ್ತದೆ. ಅಕ್ಷರ ಒಂದೇ, ಒಳಗಿನ ಮೇಲ್‌ಗಳು ಬೇರೆ. ನಮ್ಮ ಬರಹದಲ್ಲಿ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕಣ್ಣಿಗೆ ಕಾಣದ ಒಂದು ಅಕ್ಷರ ಬಳಸುತ್ತೇವೆ, ಜೀರೋ ವಿಡ್ತ್ ನಾನ್ ಜಾಯಿನರ್ ಅಂತ. ಕೆಲವು ಕೀಬೋರ್ಡ್‌ಗಳು ಅದನ್ನು ಪದದ ಕೊನೆಯಲ್ಲೂ ಬಿಟ್ಟಿರುತ್ತವೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಬೇರೆ ಬೇರೆ. ಡಿಸ್ಕ್‌ನಲ್ಲಿ ನೋಡಿದರೆ ಒಂದರ ಹೆಸರು ಇನ್ನೊಂದಕ್ಕಿಂತ ಸ್ವಲ್ಪ ಉದ್ದ ಇರುತ್ತದೆ. ಒಂದರ ಮೇಲ್‌ಗಳನ್ನು ಇನ್ನೊಂದಕ್ಕೆ ಸರಿಸಿ, ಖಾಲಿಯಾದದ್ದನ್ನು ತೆಗೆಯಿರಿ. ಬಂದ ಮೇಲ್‌ಗಳನ್ನು ತಾನೇ ಫೋಲ್ಡರ್‌ಗೆ ಹಾಕುವ ಫಿಲ್ಟರ್ ಇದ್ದರೆ ಅದರಲ್ಲಿ ಯಾವ ರೂಪ ಬರೆದಿದೆ ಎಂದು ನೋಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನಾಳೆ ಅದು ಮತ್ತೆ ಹುಟ್ಟಿಕೊಳ್ಳುತ್ತದೆ.

ಚುಕ್ಕಿಯ ತೊಂದರೆ ನಮ್ಮಲ್ಲಿ ಜಾಸ್ತಿ. “ಜಿ.ಎಸ್.ಟಿ. ರಸೀದಿ” ಎಂದು ಹೆಸರಿಡಲು ಹೋದರೆ ವೆಬ್‌ಮೇಲ್ ಒಪ್ಪುವುದಿಲ್ಲ. ಆ ಸರ್ವರ್‌ನಲ್ಲಿ ಚುಕ್ಕಿಯೇ ಫೋಲ್ಡರ್, ಉಪಫೋಲ್ಡರ್ ನಡುವಿನ ವಿಭಜಕ. “ಜಿಎಸ್‌ಟಿ ರಸೀದಿ” ಎಂದು ಬರೆದರೆ ಮುಗಿಯಿತು. ಇಷ್ಟಕ್ಕಾಗಿ ಸರ್ವರ್‌ನ ಲೇಔಟ್ ಬದಲಿಸಲು ಹೋಗಬೇಡಿ.

ಜಾಗ ತುಂಬಿದೆ ಅಂದಾಗ

“ಜಾಗ ಇಲ್ಲ” ಎಂಬ ದೂರಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಕಾರಣ ಇರಬಹುದು: ಬಳಕೆದಾರರ ಕೋಟಾ (ಒಬ್ಬೊಬ್ಬರಿಗೆ ಕೊಟ್ಟ ಜಾಗದ ಮಿತಿ), ಇಡೀ ಡಿಸ್ಕ್, ಇಲ್ಲವೇ ಅಟ್ಯಾಚ್‌ಮೆಂಟ್ ಗಾತ್ರದ ಮಿತಿ. ಒಬ್ಬರಿಗೆ ಮಾತ್ರ ತೊಂದರೆಯೋ ಎಲ್ಲರಿಗೂ ಇದೆಯೋ ಕೇಳಿ. ಒಬ್ಬರಿಗೆ ಮಾತ್ರ ಅಂದರೆ ಹೆಚ್ಚಾಗಿ ಕೋಟಾ. ಎಲ್ಲರಿಗೂ ಅಂದರೆ ಡಿಸ್ಕ್ ನೋಡಿ.

ಕೋಟಾ ತುಂಬಿದಾಗಿನ ಒಂದು ಸಂಕಟ ನೋಡಿ. ಜಾಗ ಮಾಡಲು ಮೇಲ್ ಅಳಿಸಲು ಹೋಗುತ್ತೀರಿ, ಅಳಿಸುವುದೇ ಆಗುವುದಿಲ್ಲ! ರೌಂಡ್‌ಕ್ಯೂಬ್‌ನಲ್ಲಿ ಡಿಲೀಟ್ ಅಂದರೆ ಟ್ರ್ಯಾಶ್‌ಗೆ ಸರಿಸುವುದು. ನೇರವಾಗಿ ಸರಿಸುವ “ಮೂವ್” ಕಮಾಂಡ್ ಐಮ್ಯಾಪ್‌ಗೆ ಬಂದಿದ್ದು 2013ರಲ್ಲಿ. ಅದು ಇಲ್ಲದ ಸರ್ವರ್‌ನಲ್ಲಿ ಮೊದಲು ಟ್ರ್ಯಾಶ್‌ನಲ್ಲಿ ಒಂದು ಪ್ರತಿ ಮಾಡಿ, ಆಮೇಲೆ ಮೂಲದ್ದನ್ನು ತೆಗೆಯಬೇಕು. ಪ್ರತಿ ಮಾಡಲು ಜಾಗವೇ ಇಲ್ಲ, ಅಲ್ವಾ? ಆಗ ಶಿಫ್ಟ್ ಒತ್ತಿ ಹಿಡಿದು ಡಿಲೀಟ್ ಒತ್ತಿ. ಟ್ರ್ಯಾಶ್‌ಗೆ ಹೋಗದೆ ನೇರವಾಗಿ ಅಳಿಯುತ್ತದೆ. ವಾಪಸ್ ಬರುವುದಿಲ್ಲ ಎನ್ನುವುದು ನೆನಪಿರಲಿ. ಪ್ರಿಫರೆನ್ಸಸ್‌ನ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ “ಟ್ರ್ಯಾಶ್‌ಗೆ ಸರಿಸಲು ಆಗದಿದ್ದರೆ ಅಳಿಸಿಬಿಡು” ಎಂಬ ಆಯ್ಕೆಯೂ ಇದೆ. ನಾನು ಅದನ್ನು ಎಲ್ಲರಿಗೂ ಆನ್ ಮಾಡಿಡಲು ಹೇಳುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಟ್ರ್ಯಾಶ್ ಕೆಟ್ಟಿದ್ದರೂ ಅದು ಮೇಲ್ ಅಳಿಸಿಬಿಡುತ್ತದೆ. ಅಡ್ಮಿನ್‌ಗಳು ಮಾಡಬಹುದಾದ ಒಳ್ಳೆಯ ಕೆಲಸ, ಟ್ರ್ಯಾಶ್ ಫೋಲ್ಡರ್‌ಗೆ ಮಾತ್ರ 100 ಎಂಬಿಯಷ್ಟು ಹೆಚ್ಚುವರಿ ಜಾಗ ಕೊಡುವ ಕೋಟಾ ನಿಯಮ ಬರೆಯುವುದು. ಡವ್‌ಕಾಟ್ 2.4ರಿಂದ ಕೋಟಾ ಬರೆಯುವ ರೀತಿ ಬದಲಾಗಿದೆ. ಹಳೇ ಸಾಲುಗಳನ್ನು ಹಾಗೇ ನಕಲು ಮಾಡಿದರೆ ನಡೆಯದು.

ಎಲ್ಲಿ ಜಾಗ ಹೋಗಿದೆ ಎಂದು ತಿಳಿಯಲು ಸೆಟ್ಟಿಂಗ್ಸ್, ಫೋಲ್ಡರ್ಸ್‌ಗೆ ಹೋಗಿ ಒಂದು ಫೋಲ್ಡರ್ ಆರಿಸಿ. ಗಾತ್ರ ತೋರಿಸುವ ಕೊಂಡಿ ಅಲ್ಲಿದೆ, ಅದನ್ನು ಒತ್ತಬೇಕು. ಮೊದಲು ಸೆಂಟ್ ನೋಡಿ. ಜನ ಇನ್‌ಬಾಕ್ಸ್ ಖಾಲಿ ಮಾಡುತ್ತಾರೆ, ಕಳಿಸಿದ ಅಟ್ಯಾಚ್‌ಮೆಂಟ್‌ಗಳು ಸೆಂಟ್‌ನಲ್ಲಿ ಉಳಿದಿರುತ್ತವೆ. 10 ಎಂಬಿ ಫೈಲ್ ಮೇಲ್‌ನಲ್ಲಿ ಹೋಗುವಾಗ ಬೇಸ್64 ರೂಪಕ್ಕೆ ತಿರುಗಿ ಸುಮಾರು ಮೂರನೇ ಒಂದು ಪಾಲು ಹಿಗ್ಗುತ್ತದೆ, 13 ಎಂಬಿ ದಾಟುತ್ತದೆ. ಸಬ್‌ಸ್ಕ್ರೈಬ್ ಆಗದ ಫೋಲ್ಡರ್‌ಗಳೂ ಕೋಟಾದಲ್ಲಿ ಲೆಕ್ಕಕ್ಕೆ ಬರುತ್ತವೆ. ಅಳಿಸಿದ ಗುರುತು ಬಿದ್ದಿದ್ದರೂ ಇನ್ನೂ ಡಿಸ್ಕ್‌ನಲ್ಲೇ ಇರುವ ಮೇಲ್‌ಗಳೂ ಬರುತ್ತವೆ. ಫೋಲ್ಡರ್ ಮೆನುವಿನ “ಕಾಂಪ್ಯಾಕ್ಟ್” ಒತ್ತಿದಾಗಲೇ ಅವು ನಿಜವಾಗಿ ಹೋಗುವುದು.

ಎಲ್ಲ ಅಳಿಸಿದರೂ ಕೋಟಾದಲ್ಲಿ ತೋರಿಸುವ ಬಳಕೆ ಇಳಿಯದಿದ್ದರೆ, ಯಾರಾದರೂ ಡಿಸ್ಕ್‌ನಿಂದ ನೇರವಾಗಿ ಫೈಲ್ ತೆಗೆದಿದ್ದಾರೆಯೇ ಕೇಳಿ. ಡವ್‌ಕಾಟ್ ತನ್ನ ಲೆಕ್ಕವನ್ನು ಬೇರೆ ಕಡೆ ಬರೆದಿಟ್ಟುಕೊಂಡಿರುತ್ತದೆ, ಕೈಯಿಂದ ತೆಗೆದದ್ದು ಅದಕ್ಕೆ ಗೊತ್ತಾಗುವುದಿಲ್ಲ. “ಡವ್‌ಆಡ್ಮ್ ಕೋಟಾ ರಿಕ್ಯಾಲ್ಕ್” ಓಡಿಸಿದರೆ ಮತ್ತೆ ಎಣಿಸುತ್ತದೆ.

ಡಿಸ್ಕ್ ವಿಷಯಕ್ಕೆ ಬಂದರೆ, “ಡಿಎಫ್” ಕಮಾಂಡ್‌ನಲ್ಲಿ ಜಾಗ ಉಳಿದಿದೆ ಎಂದು ಕಂಡ ಮಾತ್ರಕ್ಕೆ ನಿಲ್ಲಿಸಬೇಡಿ. ಅದನ್ನೇ ಹೈಫನ್ ಐ ಸೇರಿಸಿ ಓಡಿಸಿ. ಮೇಲ್‌ಡಿರ್‌ನಲ್ಲಿ ಒಂದು ಮೇಲ್‌ಗೆ ಒಂದು ಫೈಲ್. ಪುಟ್ಟ ಮೇಲ್‌ಗಳು ಲಕ್ಷಗಟ್ಟಲೆ ಸೇರಿದರೆ ಜಾಗ ಇದ್ದೂ ಐನೋಡ್‌ಗಳು, ಅಂದರೆ ಪ್ರತಿ ಫೈಲ್‌ಗೂ ಬೇಕಾದ ದಾಖಲೆಗಳು, ಮುಗಿದುಹೋಗುತ್ತವೆ, ಹೊಸ ಫೈಲ್ ಹುಟ್ಟುವುದಿಲ್ಲ. ರೌಂಡ್‌ಕ್ಯೂಬ್‌ನ ಟೆಂಪ್ ಡೈರೆಕ್ಟರಿಯನ್ನೂ ನೋಡಿ. ಅಪ್‌ಲೋಡ್ ಆದ ಅಟ್ಯಾಚ್‌ಮೆಂಟ್‌ಗಳು ಮೊದಲು ಅಲ್ಲಿಗೇ ಬರುತ್ತವೆ. 48 ಗಂಟೆ ಹಳೆಯದಾದವನ್ನು ತೆಗೆಯುವ ಏರ್ಪಾಡು ಇದೆ, ಆದರೆ ಅದು ಎಲ್ಲ ಸರ್ವರ್‌ಗಳಲ್ಲೂ ತಾನಾಗಿ ನಡೆಯುವುದಿಲ್ಲ, ಗುಡಿಸುವ ಸ್ಕ್ರಿಪ್ಟ್ ಒಂದಿದೆ. ಅದನ್ನು ದಿನಕ್ಕೊಮ್ಮೆ ಓಡುವಂತೆ, ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ಗೆ ಹಾಕಿ.

ಅಟ್ಯಾಚ್‌ಮೆಂಟ್ ಮಾತ್ರ ಹೋಗುತ್ತಿಲ್ಲ ಅಂದರೆ ಕೋಟಾ ಮುಟ್ಟಬೇಡಿ. ರೌಂಡ್‌ಕ್ಯೂಬ್ ಬರೆದಿರುವ ಭಾಷೆ ಪಿಎಚ್‌ಪಿಯ ಮೂಲ ಮಿತಿ ಒಂದು ಫೈಲ್‌ಗೆ 2 ಎಂಬಿ, ಇಡೀ ಫಾರ್ಮ್‌ಗೆ 8 ಎಂಬಿ. ವೆಬ್ ಸರ್ವರ್ ಆಗಿ ಎಂಜಿನ್ಎಕ್ಸ್ ಇದ್ದರೆ ಅದರ ಮೂಲ ಮಿತಿ 1 ಎಂಬಿ. ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್‌ನಲ್ಲಿ ಒಂದು ಮೇಲ್‌ಗೆ 1,02,40,000 ಬೈಟ್. ಎಲ್ಲಕ್ಕಿಂತ ಚಿಕ್ಕದು ಯಾವುದೋ, ನಡೆಯುವುದು ಅದೇ.

ಲಾಗ್, ಮತ್ತೆ ಅಡ್ಮಿನ್‌ಗೆ ಹೇಳಬೇಕಾದ್ದು

ಇಷ್ಟರಲ್ಲೂ ಸಿಗದಿದ್ದರೆ ರೌಂಡ್‌ಕ್ಯೂಬ್‌ನ ಲಾಗ್ಸ್ ಡೈರೆಕ್ಟರಿಯ ಎರರ್ಸ್ ಫೈಲ್ ಓದಿ. ಇನ್ನೂ ಬೇಕಾದರೆ ಕಾನ್ಫಿಗ್‌ನಲ್ಲಿ ಐಮ್ಯಾಪ್ ಡೀಬಗ್ ಆನ್ ಮಾಡಿ, ತೊಂದರೆಯನ್ನು ಒಮ್ಮೆ ಮಾಡಿ ತೋರಿಸಿ, ಕೂಡಲೇ ಆಫ್ ಮಾಡಿ. ಜನರ ಮೇಲ್‌ನ ಒಳಗಿನ ಮಾತೂ ಆ ಲಾಗ್‌ನಲ್ಲಿ ಬೀಳುತ್ತದೆ. ಕೆಲಸ ಮುಗಿದ ಮೇಲೆ ಆ ಫೈಲ್ ಇಟ್ಟುಕೊಳ್ಳಬಾರದು.

ನೀವು ಅಡ್ಮಿನ್ ಅಲ್ಲದಿದ್ದರೆ, ಫೋನ್ ಮಾಡುವಾಗ ಇಷ್ಟು ಹೇಳಿ: ಪರದೆಯ ಮೇಲೆ ಬಂದ ಎರರ್‌ನ ಪೂರ್ತಿ ಸಾಲು, ಫೋಲ್ಡರ್‌ನ ಹೆಸರು, ಕೊನೆಯ ಸಲ ಅದು ಸರಿ ಇದ್ದಿದ್ದು ಯಾವಾಗ, ಅದೇ ಫೋಲ್ಡರ್ ಫೋನ್‌ನಲ್ಲಿ ಕಾಣುತ್ತಿದೆಯೇ. ಆ ಕೊನೆಯ ಪ್ರಶ್ನೆಗೆ “ಹೌದು, ಫೋನ್‌ನಲ್ಲಿ ಇದೆ” ಅಂತ ಉತ್ತರ ಬಂದರೆ ನನಗೆ ಅರ್ಧ ಕೆಲಸ ಮುಗಿದಂತೆ. ಆದರೆ ಫೋನನ್ನು ಒಮ್ಮೆ ಸಿಂಕ್ ಮಾಡಿ ನೋಡಿ ಹೇಳಿ, ಹಳೇ ಪ್ರತಿ ಅದರಲ್ಲೇ ಉಳಿದಿರಬಹುದು.